ಹೊಗೆ ಕಂಡ ಕಡೆ ಗಾಡಿ ನಿಲ್ಲಿಸಿ: ಅಮೆರಿಕದ ಸೌತ್‌ನಲ್ಲಿ ಊಟ ಹುಡುಕಿಕೊಂಡು ಸುತ್ತುವುದು ಹೇಗೆ

ಮೊದಲೇ ಒಂದು ಮಾತು. ಭಾನುವಾರ ನಂಬಿಕೊಂಡು ಹೊರಡಬೇಡಿ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ಕ್ಯಾರೊಲಿನಾ, ಟೆನೆಸ್ಸಿ, ಜಾರ್ಜಿಯಾ ಕಡೆ, ಮನೆಯವರೇ ನಡೆಸುವ ಹಳೇ ಹೋಟೆಲು, ಹಿಟ್ಟಿನ ಮಿಲ್ಲು, ಹ್ಯಾಮ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ) ಅಂಗಡಿಗಳಲ್ಲಿ ಬಹಳಷ್ಟು ಭಾನುವಾರ ಮುಚ್ಚಿರುತ್ತವೆ. ಅದು ಚರ್ಚ್‌ಗೆ ಹೋಗುವ ದಿನ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಇದು ಗೊತ್ತಿರಲಿಲ್ಲ. ಒಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಎರಡು ಗಂಟೆ ಓಡಿಸಿ, ಬೀಗ ಹಾಕಿದ ಬಾಗಿಲು ನೋಡಿ, ಪಕ್ಕದ ಪೆಟ್ರೋಲ್ ಬಂಕ್‌ನಲ್ಲಿ ಚಿಪ್ಸ್ ತಿಂದುಕೊಂಡು ವಾಪಸ್ ಬಂದೆವು. ಅವತ್ತಿನಿಂದ ನಮ್ಮ ಲೆಕ್ಕ ಬದಲಾಯಿತು. ಶುಕ್ರವಾರ ರಜಾ ಹಾಕುತ್ತೇವೆ, ಶುಕ್ರವಾರ ಮತ್ತು ಶನಿವಾರ ತಿನ್ನುತ್ತೇವೆ, ಭಾನುವಾರ ಸುಮ್ನೆ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತೇವೆ.

ನಾನಿರುವುದು ನಾರ್ತ್ ಕ್ಯಾರೊಲಿನಾದ ರಾಲೀ ಪಕ್ಕದ ಕ್ಯಾರಿಯಲ್ಲಿ. ಹುಟ್ಟಿದ್ದು ಮಂಡ್ಯ ಕಡೆ. ಈ ಊರುಗಳಲ್ಲಿ ನಮ್ಮ ಕನ್ನಡದವರು ಎಷ್ಟೊಂದು ಜನ ಇದ್ದಾರೆ, ಆದರೆ ವಾರಾಂತ್ಯ ಬಂದರೆ ಬೀಚು, ಬೆಟ್ಟ, ಇಲ್ಲ ಇಂಡಿಯನ್ ಬಫೆ. ಇಲ್ಲಿನ ಹಳ್ಳಿ ಊಟ ನೋಡಿದವರು ಕಡಿಮೆ. ಅದು ನಮ್ಮ ಊಟಕ್ಕೆ ಎಷ್ಟು ಹತ್ತಿರ ಅಂತ ಹೇಳಿದರೆ ನಂಬುವುದಿಲ್ಲ. ಜೋಳ, ಬೆಂಡೆಕಾಯಿ, ಅಲಸಂದೆ, ಬೇಯಿಸಿದ ಕಡಲೆಕಾಯಿ, ಆಲೆಮನೆ, ಉಪ್ಪುಕಂಡ, ಎಲ್ಲಾ ಇಲ್ಲಿವೆ. ಹೆಸರು ಬೇರೆ ಅಷ್ಟೇ.

ಮ್ಯಾಪ್ ಆಮೇಲೆ, ಕ್ಯಾಲೆಂಡರ್ ಮೊದಲು

ಎಲ್ಲರೂ ಮಾಡುವ ತಪ್ಪು ಅಂದರೆ ಮೊದಲು ಊರು ಆರಿಸಿ, ಹೋಟೆಲ್ ಬುಕ್ ಮಾಡಿ, ಆಮೇಲೆ ದಾರಿಯಲ್ಲಿ ಏನು ಸಿಗುತ್ತೆ ಅಂತ ನೋಡುವುದು. ಇದನ್ನು ತಿರುವಿಹಾಕಿ. ಮಾಡುವವರು ಯಾವಾಗ ಮಾಡುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಸೋರ್ಗಮ್ ಪಾಕ, ಅಂದರೆ ಜೋಳದ ದಂಟಿನ ರಸ ಕಾಯಿಸಿ ಮಾಡುವ ಸಿಹಿ ಪಾಕ, ಬೇಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸಿ ಕಡಲೆಕಾಯಿ ಬೇಸಿಗೆಯ ಕೊನೆಗೆ ಕೈಗೆ ಬರುತ್ತದೆ. ಹಂದಿ ಬೇಯುವುದು ರಾತ್ರಿಯೆಲ್ಲಾ, ತಿನ್ನಲು ಸರಿಯಾದ ಹೊತ್ತು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರ ಒಳಗೆ. ಸಂಜೆ ಹೋದರೆ "ಖಾಲಿ" ಅಂತ ಬೋರ್ಡ್ ಇರಬಹುದು. ಒಲೆಯಲ್ಲಿ ಎಷ್ಟು ಬೆಂದಿತ್ತೋ ಅಷ್ಟೇ. ಮುಗಿದ ಮೇಲೆ ಇನ್ನೊಂದು ಹಂದಿ ಬೇಯಲು ಇಡೀ ರಾತ್ರಿ ಬೇಕು.

ಫೋನ್ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಇಂಥ ಜಾಗಗಳ ಬಗ್ಗೆ ಗೂಗಲ್ ತೋರಿಸುವ ಸಮಯ ಹಳೆಯದಾಗಿರಬಹುದು, ಆದರೆ ಫೋನ್ ಎತ್ತುವವರು ಸಾಮಾನ್ಯವಾಗಿ ಮನೆಯವರೇ ಆಗಿರುತ್ತಾರೆ. "ನಾಳೆ ಪಾಕ ಬೇಯಿಸುತ್ತೀರಾ? ಎಷ್ಟು ಗಂಟೆಗೆ ಬಂದರೆ ನೋಡಬಹುದು?" ಅಂತ ನೇರವಾಗಿ ಕೇಳಿ. ಖುಷಿಯಿಂದ ಹೇಳುತ್ತಾರೆ.

ಎಲ್ಲಿಗೆ ಹೋಗುವುದು ಅಂತ ಹುಡುಕಲು ನನಗೆ ಜಾಸ್ತಿ ಸಹಾಯ ಆಗಿದ್ದು ಸದರ್ನ್ ಫುಡ್‌ವೇಸ್ ಅಲಯನ್ಸ್. 1999ರಲ್ಲಿ ಶುರುವಾದ ಸಂಸ್ಥೆ, ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿದೆ. ಬಾರ್ಬೆಕ್ಯೂ (ಸೌದೆ ಕೆಂಡದ ಮೇಲೆ ನಿಧಾನಕ್ಕೆ ಬೇಯಿಸಿದ ಮಾಂಸ) ಮಾಡುವವರು, ಮೀನುಗಾರರು, ಹೋಟೆಲ್ ನಡೆಸುವ ಅಜ್ಜಿಯರು, ಎಲ್ಲರನ್ನೂ ಮಾತಾಡಿಸಿ ಅವರ ಬಾಯಿಂದಲೇ ಕೇಳಿ ದಾಖಲು ಮಾಡಿಟ್ಟಿದ್ದಾರೆ. ಪುಕ್ಕಟೆ ಓದಬಹುದು. ಹೋಗುವ ಮುಂಚೆ ಒಂದಾದರೂ ಓದಿ. ಎದುರಿಗೆ ನಿಂತು ಏನು ಕೇಳಬೇಕು ಅನ್ನುವುದು ಆಗ ಗೊತ್ತಾಗುತ್ತದೆ.

ಇನ್ನೊಂದು ನಿಯಮ. ಒಂದು ದಿನಕ್ಕೆ ತಿನಿಸು ತಯಾರಿಸುವ ಒಂದು ಜಾಗ, ಒಂದು ದೊಡ್ಡ ಊಟ. ಅಷ್ಟೇ. ನಾಲ್ಕು ಕಡೆ ತಿನ್ನುತ್ತೇವೆ ಅಂತ ಹೊರಟರೆ ಎರಡನೇ ಕಡೆಗೇ ಹೊಟ್ಟೆ ತುಂಬಿರುತ್ತದೆ, ಮೂರನೇ ಕಡೆ ನಿಂತು ಮಾತಾಡುವ ತಾಳ್ಮೆ ಇರುವುದಿಲ್ಲ. ಮಾತಾಡದೆ ಬಂದರೆ ಅಷ್ಟು ದೂರ ಹೋಗಿದ್ದಕ್ಕೆ ಅರ್ಥವಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲ ಸಲಕ್ಕೆ: ಏಡನ್

ರಾಲೀ ಕಡೆಯವರಾದರೆ ಪೂರ್ವಕ್ಕೆ ಒಂದೂವರೆ ಗಂಟೆ ಓಡಿಸಿ ಏಡನ್ ಅನ್ನುವ ಸಣ್ಣ ಊರಿಗೆ ಹೋಗಿ. ಅಲ್ಲಿ ಸ್ಕೈಲೈಟ್ ಇನ್ ಇದೆ. 1947ರಲ್ಲಿ ಪೀಟ್ ಜೋನ್ಸ್ ಶುರು ಮಾಡಿದ್ದು, ಈಗಲೂ ಅದೇ ಕುಟುಂಬದ್ದು. ಕಟ್ಟಡದ ತಲೆ ಮೇಲೆ ವಾಷಿಂಗ್ಟನ್‌ನ ಕ್ಯಾಪಿಟಲ್ ಥರದ ಒಂದು ಗುಮ್ಮಟ ಇದೆ, ದಾರಿ ತಪ್ಪುವುದಿಲ್ಲ.

ಒಳಗೆ ಹೋದ ತಕ್ಷಣ ಆರ್ಡರ್ ಮಾಡಬೇಡಿ. ಎರಡು ನಿಮಿಷ ನಿಂತು ಕೇಳಿಸಿಕೊಳ್ಳಿ. ಟಕ ಟಕ ಟಕ ಅಂತ ಒಂದೇ ತಾಳದಲ್ಲಿ ಸದ್ದು ಬರುತ್ತಿರುತ್ತದೆ. ಎರಡು ಕೈಯಲ್ಲಿ ಎರಡು ಮಚ್ಚು ಹಿಡಿದು ಮರದ ಕೊರಡಿನ ಮೇಲೆ ಮಾಂಸ ಕೊಚ್ಚುತ್ತಾರೆ. ರಾತ್ರಿಯೆಲ್ಲಾ ಸೌದೆ ಕೆಂಡದ ಮೇಲೆ ಬೆಂದ ಇಡೀ ಹಂದಿ ಅದು. ತೊಡೆ, ಭುಜ, ಹೊಟ್ಟೆ, ಎಲ್ಲಾ ಭಾಗ ಸೇರಿಸಿ, ಗರಿಗರಿಯಾದ ಚರ್ಮವನ್ನೂ ಅದರಲ್ಲೇ ಕೊಚ್ಚಿ, ಮೇಲೆ ವಿನೆಗರ್, ಉಪ್ಪು, ಖಾರ ಹಾಕಿ ಕಲೆಸುತ್ತಾರೆ. ಹಂದಿ ತಿನ್ನುವವರು ಕೊಡಗಿನ ಪಂದಿ ಕರಿ ನೆನಪು ಮಾಡಿಕೊಳ್ಳಬಹುದು. ಅಲ್ಲಿ ಕಾಚಂಪುಳಿಯ ಹುಳಿ, ಇಲ್ಲಿ ವಿನೆಗರ್ ಹುಳಿ. ಕೊಬ್ಬಿಗೆ ಹುಳಿ ಬೇಕು ಅನ್ನುವುದು ಎರಡು ಕಡೆಯವರಿಗೂ ಗೊತ್ತು. ಪೇಪರ್ ತಟ್ಟೆಯಲ್ಲಿ ಮಾಂಸ, ಅದರ ಮೇಲೆ ಒಂದು ತುಂಡು ಗಟ್ಟಿ ಕಾರ್ನ್‌ಬ್ರೆಡ್, ಅದರ ಮೇಲೆ ಎಲೆಕೋಸಿನ ಸ್ಲಾ. ಒಂದರ ಮೇಲೊಂದು ಜೋಡಿಸಿ ಕೊಡುತ್ತಾರೆ. ಮೆನು ಓದುತ್ತಾ ನಿಲ್ಲುವ ಕೆಲಸವೇ ಇಲ್ಲ.

ಬೇರೆ ಯಾವ ಊರಿಗೆ ಹೋದರೂ ಒಳ್ಳೆಯ ಜಾಗ ಗುರುತು ಹಿಡಿಯುವುದು ಹೀಗೆ: ಕಟ್ಟಡದ ಹಿಂದೆ ಹೋಗಿ ನೋಡಿ. ಸೌದೆ ರಾಶಿ ಇದೆಯಾ? ಚಿಮಣಿಯಲ್ಲಿ ಹೊಗೆ ಇದೆಯಾ? ಬಟ್ಟೆಗೆ ಹೊಗೆ ವಾಸನೆ ಹತ್ತುತ್ತದಾ? ಎರಡು ಇದ್ದರೆ ನಿಲ್ಲಿಸಿ. ಗ್ಯಾಸ್ ಅಥವಾ ಕರೆಂಟ್ ಒಲೆಗೆ ಬದಲಾದ ಹೋಟೆಲುಗಳು ಈಗ ತುಂಬಾ ಇವೆ. ಅವರನ್ನು ಬಯ್ಯುವುದಿಲ್ಲ, ರಾತ್ರಿಯೆಲ್ಲಾ ಕೆಂಡ ಕಾಯುವುದು ಬೆನ್ನು ಮುರಿಯುವ ಕೆಲಸ. ಆದರೆ ಅಷ್ಟು ದೂರ ಹೋಗುವುದಾದರೆ ಕೆಂಡ ಕಾಯುವವರ ಹತ್ತಿರವೇ ಹೋಗಿ.

ಪಶ್ಚಿಮದ ದಾರಿ: ಮಿಲ್ಲು, ಲೆಕ್ಸಿಂಗ್ಟನ್, ಆಮೇಲೆ ಟೆನೆಸ್ಸಿ

ಇದು ನನಗೆ ತುಂಬಾ ಇಷ್ಟವಾದ ದಾರಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಮೂರು ದಿನ ಬೇಕು.

ಮೊದಲ ದಿನ ಬೆಳಗ್ಗೆ ಗ್ರೀನ್ಸ್‌ಬರೋ ಹತ್ತಿರದ ಓಕ್ ರಿಜ್‌ನಲ್ಲಿರುವ ಓಲ್ಡ್ ಮಿಲ್ ಆಫ್ ಗಿಲ್ಫರ್ಡ್. ನೀರಿನ ಚಕ್ರದ ಹಿಟ್ಟಿನ ಮಿಲ್ಲು, ಶುರುವಾಗಿದ್ದು 1767ರಲ್ಲಿ. ನಮ್ಮ ಶ್ರೀರಂಗಪಟ್ಟಣದಿಂದ ಹೈದರಾಲಿ ಇಂಗ್ಲಿಷರ ಮೇಲೆ ಮೊದಲ ಯುದ್ಧಕ್ಕೆ ಇಳಿದ ವರ್ಷ ಅದು. ಇಲ್ಲಿ ಕಲ್ಲಿನಲ್ಲಿ ಬೀಸಿದ ಗ್ರಿಟ್ಸ್ ತಗೊಳ್ಳಿ. ಗ್ರಿಟ್ಸ್ ಅಂದರೆ ಏನೂ ಅಲ್ಲ, ಮುಸುಕಿನ ಜೋಳದ ನುಚ್ಚು. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಐದು ನಿಮಿಷದ ಗ್ರಿಟ್ಸ್ ತಿಂದು "ರುಚಿಯೇ ಇಲ್ಲ" ಅಂದವರು ಇದನ್ನು ತಿಂದು ನೋಡಬೇಕು. ಕಾಳಿನ ಮೊಳಕೆ ಭಾಗ ಇದರಲ್ಲಿ ಉಳಿದಿರುತ್ತದೆ, ಅದಕ್ಕೇ ಪರಿಮಳ. ಎಣ್ಣೆ ಅಂಶ ಇರುವುದರಿಂದ ಬೇಗ ಮುಗ್ಗಲಾಗುತ್ತದೆ ಕೂಡ. ಹಾಗಾಗಿ ಮನೆಗೆ ತಂದ ಮೇಲೆ ಫ್ರೀಜರ್‌ನಲ್ಲಿಡಿ.

ಮಧ್ಯಾಹ್ನದ ಊಟಕ್ಕೆ ಲೆಕ್ಸಿಂಗ್ಟನ್. ಕೆಂಟಕಿಯ ಲೆಕ್ಸಿಂಗ್ಟನ್ ಅಲ್ಲ, ನಾರ್ತ್ ಕ್ಯಾರೊಲಿನಾದ್ದು. ಜಿಪಿಎಸ್‌ಗೆ ಹಾಕುವಾಗ ರಾಜ್ಯ ನೋಡಿಕೊಳ್ಳಿ. ಇಲ್ಲಿನ ಲೆಕ್ಸಿಂಗ್ಟನ್ ಬಾರ್ಬೆಕ್ಯೂ 1962ರಿಂದ ನಡೆಯುತ್ತಿದೆ. ಏಡನ್‌ನಲ್ಲಿ ಇಡೀ ಹಂದಿಯಾದರೆ ಇಲ್ಲಿ ಬರೀ ಭುಜದ ಭಾಗ. ಸಾಸ್‌ಗೆ ಇಲ್ಲಿ "ಡಿಪ್" ಅನ್ನುತ್ತಾರೆ, ವಿನೆಗರ್ ಜೊತೆ ಸ್ವಲ್ಪ ಟೊಮೇಟೊ ಕೆಚಪ್ ಸೇರಿರುತ್ತದೆ. ಸ್ಲಾ ಕೂಡ ಕೆಂಪಗಿರುತ್ತದೆ. ಈ ಎರಡು ಕಡೆಯವರು ಯಾರದ್ದು ನಿಜವಾದ ಬಾರ್ಬೆಕ್ಯೂ ಅಂತ ತಲೆತಲಾಂತರದಿಂದ ವಾದ ಮಾಡುತ್ತಿದ್ದಾರೆ. ಬೆಣ್ಣೆ ದೋಸೆ ದಾವಣಗೆರೆಯದೋ ಬೆಂಗಳೂರಿನದೋ ಅನ್ನುವ ಹಾಗೆ. ನೀವು ಯಾವ ಪಕ್ಷವನ್ನೂ ಹಿಡಿಯಬೇಡಿ, ಎರಡು ಕಡೆಯೂ ತಿನ್ನಿ. ಕೌಂಟರ್‌ನಲ್ಲಿ "ಔಟ್‌ಸೈಡ್ ಬ್ರೌನ್" ಅಂತ ಕೇಳಿ. ಹೊರಗಿನ ಕಂದು ಬಣ್ಣದ, ಹೊಗೆ ಜಾಸ್ತಿ ಹಿಡಿದ ತುಂಡುಗಳಿಗೆ ಅಲ್ಲಿನವರ ಹೆಸರು ಅದು. ಜೊತೆಗೆ ಹಶ್ ಪಪ್ಪಿ ಬರುತ್ತದೆ, ಜೋಳದ ಹಿಟ್ಟಿನ ಸಣ್ಣ ಬೋಂಡ ಅಂದುಕೊಳ್ಳಿ.

ಅಲ್ಲಿಂದ ಐ-40 ಹಿಡಿದು ಟೆನೆಸ್ಸಿ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಎರಡು ರಾಜ್ಯದ ಗಡಿಯ ಕಣಿವೆಯಲ್ಲಿ ಈ ಹೆದ್ದಾರಿಯೇ ಕೊಚ್ಚಿಹೋಗಿತ್ತು. 2025ರ ಮಾರ್ಚ್‌ನಲ್ಲಿ ಒಂದೊಂದೇ ಲೇನ್ ತೆರೆದರು. ಹಾಗಾಗಿ ಹೊರಡುವ ದಿನ ಬೆಳಗ್ಗೆ ರಸ್ತೆ ಹೇಗಿದೆ ಅಂತ ನೋಡಿಯೇ ಹೊರಡಿ. ಬ್ಲೂ ರಿಜ್ ಪಾರ್ಕ್‌ವೇ ಮೇಲೆ ಹೋಗುವ ಆಸೆ ಇದ್ದರೂ ಅಷ್ಟೇ, ಅದರ ಕೆಲವು ಭಾಗ ಅದೇ ಮಳೆಗೆ ಹಾಳಾಯಿತು. ರಾತ್ರಿ ನಾಕ್ಸ್‌ವಿಲ್‌ನಲ್ಲಿ ಉಳಿದುಕೊಳ್ಳಿ.

ಮಾರನೇ ದಿನ ಎರಡು ಜಾಗ. ನನ್ನ ನಿಯಮ ನಾನೇ ಮುರಿಯುತ್ತಿದ್ದೇನೆ, ಆದರೆ ಒಂದು ಕಡೆ ಬರೀ ಖರೀದಿ.

ಖರೀದಿ ಇರುವುದು ಮ್ಯಾಡಿಸನ್‌ವಿಲ್‌ನಲ್ಲಿ, ನಾಕ್ಸ್‌ವಿಲ್‌ನಿಂದ ಒಂದು ಗಂಟೆಯೊಳಗೆ. ಬೆಂಟನ್ಸ್ ಕಂಟ್ರಿ ಹ್ಯಾಮ್. ಆಲನ್ ಬೆಂಟನ್ ಶಾಲೆಯಲ್ಲಿ ಮಕ್ಕಳಿಗೆ ಕೌನ್ಸೆಲರ್ ಆಗಿದ್ದವರು, ಅದನ್ನು ಬಿಟ್ಟು 1973ರಲ್ಲಿ ಈ ವ್ಯಾಪಾರಕ್ಕೆ ಬಂದರು. ಅವರಿಗಿಂತ ಮುಂಚೆ 1947ರಲ್ಲಿ ಇನ್ನೊಬ್ಬ ರೈತ ಶುರು ಮಾಡಿದ್ದ ಕಸುಬು ಅದು. ಹಂದಿ ತೊಡೆಗೆ ಉಪ್ಪು, ಕಂದು ಸಕ್ಕರೆ, ಮೆಣಸು ಉಜ್ಜಿ, ತಿಂಗಳುಗಟ್ಟಲೆ ನೇತುಹಾಕಿ, ಹಿಕರಿ ಸೌದೆಯ ಹೊಗೆ ಕೊಡುತ್ತಾರೆ. ವರ್ಷ ದಾಟಿದ ಹ್ಯಾಮ್ ಸಿಗುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲದಲ್ಲಿ ಕಡಿದ ಹಂದಿಯನ್ನು ಮುಂದಿನ ಬೇಸಿಗೆವರೆಗೆ ಉಳಿಸಿಕೊಳ್ಳಲು ಬೆಟ್ಟದ ಬಡವರು ಕಂಡುಕೊಂಡ ದಾರಿ ಇದು. ನಮ್ಮ ಅಜ್ಜಿ ಉಪ್ಪುಕಂಡವನ್ನು ದಾರಕ್ಕೆ ಪೋಣಿಸಿ ಒಲೆ ಮೇಲೆ ಕಟ್ಟುತ್ತಿದ್ದದ್ದು ನೆನಪಾಯಿತು. ವಾಸನೆ ಕೂಡ ಎಲ್ಲೋ ಅದಕ್ಕೇ ಹತ್ತಿರ. ಒಂದು ವಿಷಯ: ಇದು ತುಂಬಾ ಉಪ್ಪು. ಚಿಪ್ಸ್ ಥರ ತಿನ್ನಬೇಡಿ. ತೆಳ್ಳಗೆ ಸೀಳಿಸಿಕೊಳ್ಳಿ, ಒಂದೆರಡು ಚೂರು ಸಾಕು.

ಅಲ್ಲಿಂದ ವಾಪಸ್ ಐ-40ಗೆ ಬಂದು ಪಶ್ಚಿಮಕ್ಕೆ ಹೋದರೆ ಮಾಂಟೆರೆ ಅನ್ನುವ ಊರು ಸಿಗುತ್ತದೆ. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸೆಂಟ್ರಲ್ ಟೈಮ್ ಶುರುವಾಗುತ್ತದೆ. ಆ ಒಂದು ಗಂಟೆ ನಿಮಗೆ ಲಾಭ. ಮಾಂಟೆರೆಯಿಂದ ಬೆಟ್ಟದ ಒಳರಸ್ತೆಯಲ್ಲಿ ಮಡ್ಡಿ ಪಾಂಡ್. ಸಿಗ್ನಲ್ ಕೈಕೊಡುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಲ್ಲಿ ಮೆನೊನೈಟ್ ಜನರ ಒಂದು ಊರಿದೆ, ಸರಳವಾಗಿ ಬದುಕುವ ಕ್ರಿಶ್ಚಿಯನ್ ಪಂಗಡ. ಅವರಲ್ಲಿ ಒಂದು ಕುಟುಂಬ ತಲೆಮಾರುಗಳಿಂದ ಸೋರ್ಗಮ್ ಪಾಕ ಮಾಡುತ್ತಿದೆ. ಪಾಕ ಬೇಯಿಸುವುದು ವಾರದಲ್ಲಿ ಕೆಲವು ದಿನ ಮಾತ್ರ, ಹಾಗಾಗಿ ಫೋನ್ ಮಾಡದೆ ಹೋಗಬೇಡಿ.

ಸೋರ್ಗಮ್ ಅಂದರೆ ಜೋಳ. ಮುಸುಕಿನ ಜೋಳ ಅಲ್ಲ, ನಮ್ಮ ರೊಟ್ಟಿ ಜೋಳ. ಅದರಲ್ಲೇ ದಂಟಿನಲ್ಲಿ ಸಿಹಿ ರಸ ತುಂಬಿರುವ ಒಂದು ಜಾತಿ. ಆಫ್ರಿಕಾದಿಂದ ಒಂದು ಕವಲು ನಮ್ಮ ಉತ್ತರ ಕರ್ನಾಟಕಕ್ಕೆ ಬಂದು ರೊಟ್ಟಿಯಾಯಿತು, ಇಲ್ಲಿ ಇನ್ನೊಂದು ಕವಲು ಪಾಕವಾಯಿತು.

ನಾನು ಅಲ್ಲಿ ಗಾಡಿಯಿಂದ ಇಳಿದಾಗ ಗಾಣಕ್ಕೆ ಕುದುರೆ ಕಟ್ಟಿದ್ದರು. ಅದು ಸುತ್ತು ಹೊಡೆಯುತ್ತಿತ್ತು. ದಂಟು ಒಂದು ಕಡೆಯಿಂದ ಒಳಗೆ, ಹಸಿರು ಹಾಲು ಇನ್ನೊಂದು ಕಡೆಯಿಂದ ಹೊರಗೆ. ಒಳಗಡೆ ಉದ್ದನೆಯ ಅಗಲ ಬಾಣಲೆ, ಅದರಲ್ಲಿ ಅಡ್ಡಡ್ಡ ತಡೆ ಇಟ್ಟಿರುತ್ತಾರೆ. ಒಂದು ತುದಿಯಲ್ಲಿ ಸುರಿದ ಹಸಿರು ರಸ ಹಾವಿನ ಥರ ಹರಿದು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಕಂದು ಪಾಕ. ಪಕ್ಕದಲ್ಲಿ ನಿಂತವರ ಕೆಲಸ ಒಂದೇ, ಮೇಲೆ ಬರುವ ಹಸಿರು ನೊರೆಯನ್ನು ಚಪ್ಪಟೆ ಜಾಲರಿಯಿಂದ ತೆಗೆಯುತ್ತಲೇ ಇರುವುದು. ಬಿಟ್ಟರೆ ಪಾಕ ಕಹಿಯಾಗುತ್ತದೆ. ಆ ಹಬೆ ಮುಖಕ್ಕೆ ಹೊಡೆದಾಗ ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಮ್ಮೂರ ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತ ಹಾಗೇ ಇತ್ತು, ಒಂದು ಹಸಿ ಹುಲ್ಲಿನ ವಾಸನೆ ಮಾತ್ರ ಜಾಸ್ತಿ.

ನೊರೆ ತೆಗೆಯುತ್ತಿದ್ದ ಹಿರಿಯರಿಗೆ ಫೋನ್‌ನಲ್ಲಿ ಮಂಡ್ಯದ ಆಲೆಮನೆ ಫೋಟೋ ತೋರಿಸಿದೆ. ನಮ್ಮ ಕಡೆ ಮಡ್ಡಿ ಬಿಡಿಸಲು ಬೆಂಡೆಗಿಡದ ಲೋಳೆ ಹಾಕುತ್ತಾರೆ ಅಂತ ಹೇಳಿದೆ. ಅವರು ಜಾಲರಿ ಪಕ್ಕದವರ ಕೈಗೆ ಕೊಟ್ಟು ಬಂದು ಫೋಟೋ ದೊಡ್ಡದು ಮಾಡಿ ನೋಡಿದರು. ಒಲೆಗೆ ಏನು ಉರಿಸುತ್ತೀರಿ ಅಂತ ಕೇಳಿದರು. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಅಂದೆ. ಅದು ಅವರಿಗೆ ತುಂಬಾ ಹಿಡಿಸಿತು. ಹಾಗಾಗಿ ನನ್ನ ಸಲಹೆ: ನಿಮ್ಮೂರ ಫೋಟೋ ಒಂದೆರಡು ಫೋನ್‌ನಲ್ಲಿ ಇಟ್ಟುಕೊಂಡು ಹೋಗಿ. ಗಾಣ, ಒಲೆ, ರೊಟ್ಟಿ ತಟ್ಟುವುದು, ಏನಾದರೂ ಸರಿ. ನೂರು ಪ್ರಶ್ನೆ ಕೇಳುವುದಕ್ಕಿಂತ ಅದು ಬೇಗ ಬಾಯಿ ಬಿಡಿಸುತ್ತದೆ.

ಒಂದು ಗ್ಯಾಲನ್ ಪಾಕಕ್ಕೆ ಎಂಟರಿಂದ ಹತ್ತು ಗ್ಯಾಲನ್ ರಸ ಬೇಕು. ಡಬ್ಬಿ ಬೆಲೆ ನೋಡಿ ಚೌಕಾಸಿ ಮಾಡುವ ಮನಸ್ಸಾದರೆ ಈ ಲೆಕ್ಕ ನೆನಪಿಸಿಕೊಳ್ಳಿ. ಇದು ಕಬ್ಬಿನ ಹಾಗೆ ಅಚ್ಚು ಕಟ್ಟುವುದಿಲ್ಲ, ನಮ್ಮ ಜೋನಿ ಬೆಲ್ಲದ ಥರ ನೀರಾಗಿಯೇ ಉಳಿಯುತ್ತದೆ.

ಸಸ್ಯಾಹಾರಿಗಳು ಇದನ್ನು ಪೂರ್ತಿ ಓದಿ

ಸೌತ್‌ನ ಹೋಟೆಲುಗಳಲ್ಲಿ "ಮೀಟ್ ಅಂಡ್ ತ್ರೀ" ಅಂತ ಒಂದು ಪದ್ಧತಿ ಇದೆ. ಒಂದು ಮಾಂಸ, ಮೂರು ತರಕಾರಿ. ಮಾಂಸ ಬೇಡ ಅಂದರೆ "ವೆಜಿಟೇಬಲ್ ಪ್ಲೇಟ್" ಸಿಗುತ್ತದೆ. ಸೊಪ್ಪು, ಬೀನ್ಸ್, ಅಲಸಂದೆ, ಬೆಂಡೆಕಾಯಿ. ಬೋರ್ಡ್ ನೋಡಿದರೆ ನಮ್ಮ ಮನೆ ಪಲ್ಯದ ಪಟ್ಟಿ ಇದ್ದ ಹಾಗಿರುತ್ತದೆ. ಇಲ್ಲೇ ಮೋಸ ಹೋಗುವುದು. ವೆಜಿಟೇಬಲ್ ಪ್ಲೇಟ್ ಅಂದರೆ ತರಕಾರಿ ತಟ್ಟೆ, ಸಸ್ಯಾಹಾರದ ತಟ್ಟೆ ಅಲ್ಲ. ಕಾಲರ್ಡ್ ಸೊಪ್ಪನ್ನು ಹಂದಿ ಮೂಳೆ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೀನ್ಸ್‌ಗೆ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸದ ಚೂರು, ಬಿದ್ದಿರುತ್ತದೆ. ಕಾರ್ನ್‌ಬ್ರೆಡ್, ಬಿಸ್ಕೆಟ್‌ಗೆ (ಇಲ್ಲಿ ಬಿಸ್ಕೆಟ್ ಅಂದರೆ ಮೆತ್ತನೆಯ ಬನ್ ಥರದ್ದು) ಹಂದಿ ಕೊಬ್ಬು ಹಾಕಿರಬಹುದು. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ, ಒಗ್ಗರಣೆ.

ನಮ್ಮ ಜೊತೆ ಬಂದಿದ್ದ ಸ್ನೇಹಿತರ ಹೆಂಡತಿ ಶುದ್ಧ ಸಸ್ಯಾಹಾರಿ. ಅವರು "ವೆಜಿಟೇರಿಯನ್ ತಾನೇ?" ಅಂತ ಕೇಳಿದರು, ಬಡಿಸುವಾಕೆ ಪ್ರೀತಿಯಿಂದ "ಎಸ್ ಹನಿ" ಅಂದಳು. ಅರ್ಧ ತಿಂದ ಮೇಲೆ ಸೊಪ್ಪಿನಲ್ಲಿ ಚೂರು ಕಂಡಿತು. ಅವರಿಗಾದ ಸಂಕಟ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ. ಬಡಿಸುವಾಕೆಯದ್ದೂ ತಪ್ಪು ಅನ್ನಲಾರೆ, ಪ್ರಶ್ನೆಯೇ ಅವಳಿಗೆ ಬೇರೆ ಥರ ಕೇಳಿಸಿತ್ತು. ಹಾಗಾಗಿ ವೆಜಿಟೇರಿಯನ್ ಅನ್ನುವ ಪದ ಬಿಟ್ಟು ಹೀಗೆ ಕೇಳಿ: "ಇದನ್ನು ಹ್ಯಾಮ್, ಬೇಕನ್, ಲಾರ್ಡ್ (ಹಂದಿ ಕೊಬ್ಬು), ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಹಾಕಿ ಬೇಯಿಸಿದ್ದಾ?" ಒಂದೊಂದು ಪದಾರ್ಥಕ್ಕೂ ಬಿಡಿಬಿಡಿಯಾಗಿ ಕೇಳಿ. ಕರಿದಿದ್ದಾದರೆ ಎಣ್ಣೆ ಒಂದೇನಾ ಅಂತಲೂ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೀಗಂತ ಸಸ್ಯಾಹಾರಿಗಳು ಮನೆಯಲ್ಲೇ ಉಳಿಯಬೇಕಿಲ್ಲ. ಮಿಲ್ಲು, ಸೋರ್ಗಮ್, ಪೀಚ್ ತೋಟ, ರಸ್ತೆ ಪಕ್ಕದ ಹಣ್ಣಿನ ಅಂಗಡಿ, ಇವೆಲ್ಲಾ ನಿಮ್ಮವೇ. ಮತ್ತೆ ಬೇಯಿಸಿದ ಕಡಲೆಕಾಯಿ! ಸೌತ್ ಕ್ಯಾರೊಲಿನಾ, ಜಾರ್ಜಿಯಾ ರಸ್ತೆಗಳಲ್ಲಿ ಕೈಬರಹದ ಬೋರ್ಡ್ ಕಂಡರೆ ನಿಲ್ಲಿಸಿ. ಹಸಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಕುದಿಸಿರುತ್ತಾರೆ, ಬಸವನಗುಡಿ ಪರಿಷೆಯಲ್ಲಿ ಸಿಗುವುದಕ್ಕಿಂತ ಮೆತ್ತಗೆ. 2006ರಲ್ಲಿ ಸೌತ್ ಕ್ಯಾರೊಲಿನಾ ಇದನ್ನು ರಾಜ್ಯದ ಅಧಿಕೃತ ತಿಂಡಿ ಅಂತಲೇ ಮಾಡಿತು. ಖಾರದ ಬಗೆಗೆ ಕೇಜನ್ ಅನ್ನುತ್ತಾರೆ. ಕಾರ್ಡ್ ನಡೆಯುವುದಿಲ್ಲ ಅಂತಲೇ ಅಂದುಕೊಂಡು ಒಂದು, ಐದು ಡಾಲರ್‌ನ ನೋಟು ಇಟ್ಟುಕೊಳ್ಳಿ.

ಹಂದಿಯೂ ಬೇಡ, ದನವೂ ಬೇಡ ಅನ್ನುವವರಿಗೆ

ನಮ್ಮಲ್ಲಿ ಇಂಥವರು ಬಹಳ ಜನ ಇದ್ದಾರೆ, ಕುರಿ ಕೋಳಿ ಸಾಕು ಅನ್ನುವವರು. ಅವರಿಗೆ ಕೆಂಟಕಿಯ ಓವನ್ಸ್‌ಬರೋ. ನ್ಯಾಶ್‌ವಿಲ್‌ನಿಂದ ಉತ್ತರಕ್ಕೆ ಎರಡು ಗಂಟೆ ಚಿಲ್ಲರೆ. ಇಡೀ ಸೌತ್ ಹಂದಿ ಹಂದಿ ಅನ್ನುವಾಗ ಈ ಒಂದು ಊರು ಮಟನ್ ಬಾರ್ಬೆಕ್ಯೂಗೆ ಹೆಸರುವಾಸಿ. ಎಳೆ ಕುರಿ ಅಲ್ಲ, ಬಲಿತ ಕುರಿ. ಹಿಕರಿ ಸೌದೆ ಮೇಲೆ ನಿಧಾನಕ್ಕೆ ಬೇಯಿಸಿ, ಕಪ್ಪಗಿನ ಹುಳಿ ಸಾಸ್ ಸವರುತ್ತಾರೆ. ಮೂನ್‌ಲೈಟ್ ಬಾರ್ಬೆಕ್ಯೂ ಇನ್ ಅಂತ ದೊಡ್ಡ ಹೋಟೆಲಿದೆ, 1963ರಿಂದ ಒಂದೇ ಕುಟುಂಬ ನಡೆಸುತ್ತಿದೆ, ಬಫೆ ಇರುತ್ತದೆ. ಬನ್ನೂರು ಕುರಿ ತಿಂದು ಬೆಳೆದ ನನಗೆ ಅಮೆರಿಕದಲ್ಲಿ ಕುರಿ ಮಾಂಸದ ನಿಜವಾದ ವಾಸನೆ ಸಿಕ್ಕಿದ್ದು ಇಲ್ಲೇ. "ಬರ್ಗೂ" ಅಂತ ಒಂದು ಗಟ್ಟಿ ಸಾರು ಕೊಡುತ್ತಾರೆ, ಅದರಲ್ಲಿ ಬೇರೆ ಮಾಂಸವೂ ಇರುತ್ತದೆ, ಕೇಳಿ ತಗೊಳ್ಳಿ.

ಹೋಗುವಾಗಲೋ ಬರುವಾಗಲೋ ನ್ಯಾಶ್‌ವಿಲ್‌ನಲ್ಲಿ ಪ್ರಿನ್ಸಸ್ ಹಾಟ್ ಚಿಕನ್. ಹಾಟ್ ಚಿಕನ್ ಅನ್ನುವ ತಿನಿಸು ಹುಟ್ಟಿದ್ದೇ ಆ ಕರಿಯ ಕುಟುಂಬದಲ್ಲಿ, ಈಗಲೂ ಅವರದ್ದೇ. ಖಾರಕ್ಕೆ ಹಲವು ಹಂತ ಇದೆ. ನಾವು ಗುಂಟೂರು ಮೆಣಸಿನಕಾಯಿ ತಿಂದವರು ಅಂತ ಮೊದಲ ಸಲಕ್ಕೇ ಮೇಲಿನ ಹಂತಕ್ಕೆ ಹೋಗಬೇಡಿ. ಮೀಡಿಯಂ ಸಾಕು.

ಸಮುದ್ರದ ಕಡೆ

ಚಾರ್ಲ್ಸ್‌ಟನ್‌ನಿಂದ ಸವಾನಾಗೆ ಎರಡು ಗಂಟೆ ದಾರಿ. ಹೆದ್ದಾರಿ ಬಿಟ್ಟು ಎಡಿಸ್ಟೊ ದ್ವೀಪಕ್ಕೆ ಇಳಿಯಿರಿ. ಅಲ್ಲಿ ಮಾರ್ಷ್ ಹೆನ್ ಮಿಲ್ ಇದೆ, ಗಂಡ ಹೆಂಡತಿ ಕಟ್ಟಿ ಬೆಳೆಸಿದ್ದು. ಗ್ರಿಟ್ಸ್ ಜೊತೆಗೆ ಕ್ಯಾರೊಲಿನಾ ಗೋಲ್ಡ್ ಅಕ್ಕಿ, ಸೀ ಐಲ್ಯಾಂಡ್ ರೆಡ್ ಪೀ ತಗೊಳ್ಳಿ. ಈ ರೆಡ್ ಪೀ ಅಂದರೆ ಸಣ್ಣ ಕೆಂಪು ಅಲಸಂದೆ. ಹುಳಿಗೂ ಬಸ್ಸಾರಿಗೂ ತುಂಬಾ ಚೆನ್ನಾಗಿ ಆಗುತ್ತದೆ.

ಈ ಅಕ್ಕಿ ತಗೊಳ್ಳುವಾಗ ಒಂದು ವಿಷಯ ಗೊತ್ತಿರಲಿ. ಈ ತೀರದ ಭತ್ತದ ಗದ್ದೆಗಳನ್ನು ಮಾಡಿದ್ದು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆದು ತಂದ ಜನ. ಜೌಗು ನೆಲ ಕಡಿದು, ಕಟ್ಟೆ ಕಟ್ಟಿ, ಸಮುದ್ರದ ಉಬ್ಬರ ಇಳಿತ ನೋಡಿ ಗದ್ದೆಗೆ ನೀರು ಹಾಯಿಸಿದವರು ಅವರು. ಭತ್ತದ ಜ್ಞಾನ ಅವರದ್ದು, ದುಡಿಮೆ ಅವರದ್ದು, ದುಡ್ಡು ಮಾತ್ರ ಮಾಲೀಕರದ್ದು. ಬೆಂಡೆ, ಅಲಸಂದೆ, ಜೋಳ ಕೂಡ ಆ ಹಡಗುಗಳ ಕಾಲದಲ್ಲೇ ಆಫ್ರಿಕಾದ ಕಡೆಯಿಂದ ಇಲ್ಲಿಗೆ ಬಂದಿದ್ದು. ಅವರ ಮೊಮ್ಮಕ್ಕಳು, ಮರಿಮಕ್ಕಳು ಗಲ್ಲಾ ಗೀಚೀ ಜನ, ಈ ದ್ವೀಪಗಳಲ್ಲಿ ಇನ್ನೂ ಇದ್ದಾರೆ, ಅವರದ್ದೇ ಮಾತು, ಅವರದ್ದೇ ಅಡುಗೆ. ದಾರಿಯಲ್ಲಿ ಗಲ್ಲಾ ಅಡುಗೆಯ ಸಣ್ಣ ಹೋಟೆಲ್ ಸಿಕ್ಕರೆ ದುಡ್ಡು ಅಲ್ಲಿ ಖರ್ಚು ಮಾಡಿ.

ಸವಾನಾದಲ್ಲಿ ಮಿಸೆಸ್ ವಿಲ್ಕ್ಸ್ ಡೈನಿಂಗ್ ರೂಮ್. 1943ರಲ್ಲಿ ಸೀಮಾ ವಿಲ್ಕ್ಸ್ ಅನ್ನುವ ಹೆಂಗಸು ವಹಿಸಿಕೊಂಡ ಬೋರ್ಡಿಂಗ್ ಮನೆ, ಈಗ ಅವರ ಮನೆಯ ಮುಂದಿನ ತಲೆಮಾರಿನವರು ನಡೆಸುತ್ತಾರೆ. ವಾರದ ದಿನ ಮಧ್ಯಾಹ್ನ ಮಾತ್ರ ಊಟ. ಬುಕಿಂಗ್ ಇಲ್ಲ, ಬೀದಿಯಲ್ಲಿ ಸಾಲು ನಿಲ್ಲಬೇಕು, ಹತ್ತು ಗಂಟೆಗೇ ಹೋಗಿ ನಿಲ್ಲಿ. ಕ್ಯಾಶ್ ಇರಲಿ. ಒಳಗೆ ಹತ್ತು ಜನರ ಮೇಜು, ಗುರುತು ಪರಿಚಯ ಇಲ್ಲದವರ ಜೊತೆ ಕೂರಿಸುತ್ತಾರೆ. ಮೇಜು ತುಂಬಾ ಬಟ್ಟಲುಗಳು, ಕರಿದ ಕೋಳಿ, ಅನ್ನ, ಅಲಸಂದೆ, ಸೊಪ್ಪು, ಗೆಣಸು, ಬೆಂಡೆಕಾಯಿ. ಪಂಕ್ತಿ ಊಟವೇ ಇದು, ಬಡಿಸುವವರು ಮಾತ್ರ ಇಲ್ಲ. ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ನೀವು ಬಡಿಸಿಕೊಂಡು ಪಕ್ಕದವರಿಗೆ ದಾಟಿಸಬೇಕು, ಮುಂದೆ ಇಟ್ಟುಕೊಂಡು ಕೂರಬಾರದು. ತಿಂದ ಮೇಲೆ ನಿಮ್ಮ ತಟ್ಟೆ ನೀವೇ ಅಡುಗೆಮನೆಗೆ ಒಯ್ದು ಇಡಬೇಕು. ನನ್ನ ಮಗಳು ಮನೆಯಲ್ಲಿ ತಟ್ಟೆ ಎತ್ತಲು ಹತ್ತು ಸಲ ಹೇಳಿಸಿಕೊಳ್ಳುವವಳು, ಅಲ್ಲಿ ಎಲ್ಲರಿಗಿಂತ ಮೊದಲು ಎದ್ದಳು.

ಮಾತು, ಸಾಮಾನು

ಕೌಂಟರ್‌ನಲ್ಲಿ ಮ್ಯಾಮ್, ಸರ್ ಅನ್ನಿ. ಇದು ಇಲ್ಲಿ ಮುಖ್ಯ. ಹೋದ ಕೂಡಲೇ ಆರ್ಡರ್ ಕೊಡುವುದು ಒರಟು ಅನಿಸುತ್ತದೆ, ಹೇಗಿದ್ದೀರಿ ಅಂತ ಒಂದು ಮಾತು ಮೊದಲು. ಫೋಟೋ ತೆಗೆಯುವ ಮುಂಚೆ ಕೇಳಿ, ಅದರಲ್ಲೂ ಒಲೆ ಮನೆಯಲ್ಲಿ. ಒಲೆ ನೋಡಬೇಕು ಅಂತ ಆಸೆ ಇದ್ದರೆ ಊಟದ ಗದ್ದಲ ಮುಗಿದ ಮೇಲೆ, ಎರಡೂವರೆ ಮೂರು ಗಂಟೆಗೆ ಕೇಳಿಕೊಳ್ಳಿ. ನನಗೆ ಹೆಚ್ಚಾಗಿ ಬಾಗಿಲು ತೆರೆದಿದ್ದು ಆ ಹೊತ್ತಿನಲ್ಲೇ. ಟೀ ಅಂತ ಕೇಳಿದರೆ ಐಸ್ ಹಾಕಿದ, ಸಿಕ್ಕಾಪಟ್ಟೆ ಸಿಹಿಯಾದ ಟೀ ಬರುತ್ತದೆ. ಸಿಹಿ ಬೇಡವಾದರೆ "ಅನ್‌ಸ್ವೀಟ್" ಅನ್ನಬೇಕು.

ಗಾಡಿಯಲ್ಲಿ ಒಂದು ದೊಡ್ಡ ಕೂಲರ್, ಐಸ್, ಜಿಪ್ ಇರುವ ಕವರ್‌ಗಳು, ಒಂದು ಚಾಕು, ಒದ್ದೆ ಬಟ್ಟೆ. ಹ್ಯಾಮ್ ಸೀಟಿನ ಕೆಳಗೆ ಇಡಬೇಡಿ, ವಾರವಿಡೀ ಗಾಡಿಯಲ್ಲಿ ವಾಸನೆ ಇರುತ್ತದೆ. ಬೆಟ್ಟದ ರಸ್ತೆಯಲ್ಲಿ ಕತ್ತಲಾಗುವ ಹೊತ್ತಿಗೆ ಜಿಂಕೆ ಅಡ್ಡ ಬರುತ್ತವೆ, ಐದು ಗಂಟೆಯೊಳಗೆ ಹೆದ್ದಾರಿ ಸೇರಿಕೊಳ್ಳಿ. ಊರಿಗೆ ಹೊರಟಾಗ ಸೂಟ್‌ಕೇಸ್‌ಗೆ ಹ್ಯಾಮ್ ಹಾಕುವ ಯೋಚನೆ ಬೇಡ, ಪರವಾನ್ಗಿ ಇಲ್ಲದೆ ಮಾಂಸ ಒಯ್ಯುವಂತಿಲ್ಲ. ಸೋರ್ಗಮ್ ಡಬ್ಬಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕ್ಯಾಬಿನ್‌ನಲ್ಲಿ ಬಿಡುವುದಿಲ್ಲ.

ಗ್ರಿಟ್ಸ್ ಮಾಡುವುದು ಹೀಗೆ. ರಾತ್ರಿ ಒಂದು ಲೋಟ ಗ್ರಿಟ್ಸ್‌ಗೆ ನಾಲ್ಕು ಲೋಟ ನೀರು ಹಾಕಿ ನೆನೆಸಿ. ಬೆಳಗ್ಗೆ ಮೇಲೆ ತೇಲುವ ಹೊಟ್ಟು ತೆಗೆದು, ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ತಳ ಹಿಡಿಯದ ಹಾಗೆ ಮುದ್ದೆ ಕೋಲಿನಲ್ಲಿ ಆಗಾಗ ತಿರುವುತ್ತಿರಿ, ಗಟ್ಟಿಯಾದರೆ ಬಿಸಿನೀರು ಸೇರಿಸಿ. ಉಪ್ಪು ಕೊನೆಗೆ. ಇಳಿಸಿದ ಮೇಲೆ ದೊಡ್ಡ ಚಮಚ ಬೆಣ್ಣೆ. ಅಲ್ಲಿನವರು ಜೊತೆಗೆ ಸಿಗಡಿ ಹಾಕಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎರಡು ಪಾಲು ಮಾಡುತ್ತೇವೆ, ದೊಡ್ಡವರಿಗೆ ಮಜ್ಜಿಗೆ ಮತ್ತು ನಿಂಬೆ ಉಪ್ಪಿನಕಾಯಿ, ಮಕ್ಕಳಿಗೆ ಮೇಲೆ ಒಂದು ಚಮಚ ಸೋರ್ಗಮ್ ಪಾಕ.